ಡೈಪರ್ ಬಿಡಿಸುವುದಕ್ಕೂ ಕಾಟ್ ಬಿಡಿಸುವುದಕ್ಕೂ ಒಂದೇ ಮುಹೂರ್ತ ಬೇಡ

ಮಗು ಹಗಲು ಪಾಟಿಯ (ಮಕ್ಕಳ ಪುಟ್ಟ ಕಮೋಡಿನ) ಮೇಲೆ ಕೂರುವುದನ್ನು ಕಲಿತ ಕೂಡಲೇ ಮನೆಯ ದೊಡ್ಡವರಿಗೆ ಅವಸರ ಶುರುವಾಗುತ್ತದೆ. ಇನ್ನು ರಾತ್ರಿ ಡೈಪರ್ ಯಾಕೆ, ಸುತ್ತ ಕಂಬಿಯಿರುವ ಮಕ್ಕಳ ಕಾಟ್ ಯಾಕೆ, ಎರಡನ್ನೂ ಒಟ್ಟಿಗೆ ಬಿಡಿಸಿ ಮಂಚಕ್ಕೆ ಹಾಕೋಣ, ತಾನೇ ಎದ್ದು ಹೋಗಿ ಉಚ್ಚೆ ಮಾಡಿ ಬಂದು ಮಲಗುತ್ತೆ ಅನ್ನುವ ಲೆಕ್ಕ. ಈ ಲೆಕ್ಕದ ಬುಡವೇ ತಪ್ಪು. ಎರಡೂವರೆ ವರ್ಷದ ಮಗು ನಿದ್ದೆಯಲ್ಲಿ ಒದ್ದೆ ಮಾಡಿಕೊಳ್ಳುವುದು ಕಾಟಿನ ಕಂಬಿ ಅಡ್ಡ ಬಂತು ಅಂತಲ್ಲ. ಮೂತ್ರಕೋಶ ತುಂಬಿದ್ದು ಅದಕ್ಕೆ ಗೊತ್ತೇ ಆಗಿರುವುದಿಲ್ಲ. ಕಂಬಿ ತೆಗೆದರೆ ಆ ಅರಿವು ಬರುವುದಿಲ್ಲ.

ಹಗಲಿನ ನಿಯಂತ್ರಣ ಕಲಿಕೆ, ರಾತ್ರಿಯದು ಬೆಳವಣಿಗೆ. ರಾತ್ರಿ ಒಣಗಿರಬೇಕಾದರೆ ಮೂರು ಕೆಲಸ ಆಗಿರಬೇಕು. ನಿದ್ದೆಯ ಹೊತ್ತಿನಲ್ಲಿ ಮೂತ್ರದ ಪ್ರಮಾಣವನ್ನು ತಗ್ಗಿಸುವ ವಾಸೊಪ್ರೆಸಿನ್ ಎಂಬ ಹಾರ್ಮೋನು ಸಾಕಷ್ಟು ಸ್ರವಿಸಬೇಕು. ಮೂತ್ರಕೋಶ ಅಷ್ಟನ್ನು ಹಿಡಿದಿಡುವಷ್ಟು ದೊಡ್ಡದಾಗಬೇಕು. ಹಿಡಿಯಲಾರದೆ ಹೋದಾಗ ಮೆದುಳು ಎಚ್ಚರಗೊಳ್ಳಬೇಕು. ಎರಡನೆಯದಕ್ಕೆ ಒಂದು ಅಂದಾಜು ಲೆಕ್ಕವಿದೆ: ವಯಸ್ಸಿಗೆ 1 ಕೂಡಿಸಿ 30ರಿಂದ ಗುಣಿಸಿದರೆ ಸಿಗುವಷ್ಟು ಮಿಲಿಲೀಟರ್. ಅಂದರೆ 3 ವರ್ಷಕ್ಕೆ ಹೆಚ್ಚುಕಡಿಮೆ 120 ಮಿ.ಲೀ., ಒಂದು ಸಣ್ಣ ಲೋಟದಷ್ಟು. ಹತ್ತು ಗಂಟೆ ಮಲಗುವ ಮಗುವಿಗೆ ಅದು ಸಾಲದೇ ಹೋದರೆ ಆಶ್ಚರ್ಯವೇನು? 5 ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳು ಇನ್ನೂ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ಅದಕ್ಕೇ ವೈದ್ಯರು 5 ವರ್ಷದೊಳಗೆ ಇದನ್ನು ತೊಂದರೆ ಎಂದು ಎಣಿಸುವುದೇ ಇಲ್ಲ. ಬೈಗುಳ, ಹೋಲಿಕೆ, ನಾಚಿಕೆ ಹುಟ್ಟಿಸುವ ಮಾತು ಯಾವುದೂ ಹಾರ್ಮೋನನ್ನು ಬೇಗ ತರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹಾಗಾದರೆ ಕಾಟ್ ಬಿಡಿಸುವುದು ಯಾವಾಗ? ಅದನ್ನು ಮಗುವಿನ ಎತ್ತರ ಹೇಳುತ್ತದೆ, ಪಾಟಿಯಲ್ಲ. ಕಾಟಿನ ಹಾಸಿಗೆಯನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿದ ಮೇಲೂ ನಿಂತ ಮಗುವಿನ ಎದೆಮಟ್ಟಕ್ಕೆ ಮೇಲಿನ ಕಂಬಿ ಬರುತ್ತಿದ್ದರೆ, ಅಥವಾ ಮಗು ಸುಮಾರು 90 ಸೆಂ.ಮೀ. ಎತ್ತರವಾಗಿದ್ದರೆ ಕಾಟಿನ ಕಾಲ ಮುಗಿಯಿತು. ಕಂಬಿಯ ಮೇಲೆ ಕಾಲು ಹಾಕಿ ಹತ್ತತೊಡಗಿದ ಮಗುವನ್ನು ಅವತ್ತೇ ಕೆಳಗೆ ಮಲಗಿಸಬೇಕು. ಪಾಟಿ ಕಲಿಕೆ ಅರ್ಧದಲ್ಲಿದ್ದರೂ ಸರಿ, ಕಾಯುವಂತಿಲ್ಲ. ಕಂಬಿಯ ಮೇಲಿಂದ ಬೀಳುವ ಮಗು ತಲೆ ಕೆಳಗಾಗಿ ಬೀಳಬಹುದು. ಹತ್ತದಂತೆ ತಡೆಯಲು ಕೆಲವರು ಸ್ಲೀಪಿಂಗ್ ಬ್ಯಾಗ್ (ಕಾಲೂ ಸೇರಿ ಮೈ ಮುಚ್ಚುವ ಚೀಲದಂಥ ಉಡುಪು) ಹಾಕುತ್ತಾರೆ. ಹಗಲಲ್ಲಿ ಚಡ್ಡಿ ತಾನೇ ಇಳಿಸಲು ಕಲಿಯುತ್ತಿರುವ ಮಗುವಿಗೆ ರಾತ್ರಿ ಕಾಲನ್ನೇ ಕಟ್ಟಿಹಾಕಿದಂತೆ ಆಗುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ.

ಹತ್ತುವ ಗಲಾಟೆ ಇಲ್ಲದಿದ್ದರೆ ಮೊದಲು ಹಗಲಿನ ಪಾಟಿ ಕಲಿಕೆ ಮುಗಿಸಿ. ಅದು ಗಟ್ಟಿಯಾಗಿ ನಾಲ್ಕರಿಂದ ಆರು ವಾರ ಕಳೆದ ಮೇಲೆ ಮಂಚ. ಮಂಚಕ್ಕೆ ಹೊಂದಿಕೊಂಡು ಇನ್ನಷ್ಟು ದಿನವಾದ ಮೇಲೆ, ದೇಹ ಸೂಚನೆ ಕೊಟ್ಟಾಗ, ರಾತ್ರಿ ಡೈಪರ್ ಬಿಡಿಸಿ. ಇನ್ನೊಂದು ಮಗು ಹುಟ್ಟುವುದಿದ್ದರೆ ಹೆರಿಗೆಗೆ ಕನಿಷ್ಠ ಎರಡು ತಿಂಗಳ ಮೊದಲೇ ಮಂಚಕ್ಕೆ ಬದಲಾಯಿಸಿ, ಇಲ್ಲವೇ ಹೆರಿಗೆಯಾಗಿ ಕೆಲವು ತಿಂಗಳು ಬಿಡಿ. ತನ್ನ ಕಾಟ್ ಕಿತ್ತುಕೊಂಡು ಪಾಪುವಿಗೆ ಕೊಟ್ಟರು ಎಂದು ಮಗುವಿಗೆ ಅನ್ನಿಸಬಾರದು. ಈ ಕ್ರಮಕ್ಕೆ ಒಂದೇ ಅಪವಾದ: ಮಗು ರಾತ್ರಿ ನಿಜವಾಗಿಯೂ ಎಚ್ಚರಗೊಂಡು, ಡೈಪರ್ ಒಣಗಿರುವಾಗಲೇ "ಉಚ್ಚೆ" ಎಂದು ಕರೆಯುತ್ತಿದ್ದರೆ, ಆಗ ಕಾಟ್ ಅಡ್ಡಿ. ಅಂಥ ಮಗುವಿಗೆ ಮಂಚ ಬೇಗ ಬೇಕು.

ಮಂಚ ಎಂದರೆ ದೊಡ್ಡ ಮಂಚವೇ ಆಗಬೇಕಿಲ್ಲ. ಕಾಟಿನ ಒಂದು ಬದಿ ಬಿಚ್ಚುವಂತಿದ್ದರೆ ಅದೇ ಸಾಕು. ಅದೇ ಹಾಸಿಗೆ, ಅದೇ ಜಾಗ, ಅದೇ ಹೊದಿಕೆ, ಬದಲಾಗುವುದು ಕಡಿಮೆ. ನೆಲದ ಮೇಲೆ ಹಾಸಿಗೆ ಹಾಕುವುದಾದರೆ ದಿನಾ ಬೆಳಿಗ್ಗೆ ಎತ್ತಿ ಗೋಡೆಗೆ ಒರಗಿಸಬೇಕು. ಗಾಳಿಯಾಡದೆ ಅಡಿಯಲ್ಲಿ ತೇವ ಕೂತು ಬೂಸ್ಟು ಹಿಡಿಯುತ್ತದೆ. ಎತ್ತರದ ಮಂಚವೇ ಇರುವುದಾದರೆ ಬದಿಗೆ ಹಾಕುವ ಬೆಡ್ ರೇಲ್ 2 ವರ್ಷ ದಾಟಿದ, ತಾನೇ ಹತ್ತಿ ಇಳಿಯಬಲ್ಲ ಮಗುವಿಗೆ ಮಾತ್ರ. ರೇಲಿಗೂ ಹಾಸಿಗೆಗೂ ನಡುವೆ ಸಂದು ಇದ್ದರೆ ಮಗುವಿನ ಮೈ ಜಾರಿ ಸಿಕ್ಕಿಕೊಂಡು ಉಸಿರು ಕಟ್ಟಬಹುದು. ಹಾಕಿದ ಮೇಲೆ ಪೂರ್ತಿ ಬಲ ಹಾಕಿ ಹೊರಕ್ಕೆ ಎಳೆದು ನೋಡಿ, ಸಂದು ಬಿಟ್ಟುಕೊಂಡರೆ ಅದು ಬೇಡವೇ ಬೇಡ. ಗೋಡೆಯ ಪಕ್ಕದ ಸಂದೂ ಅಷ್ಟೇ ಅಪಾಯ. ಮಂಚವನ್ನು ಗೋಡೆಯಿಂದ 30 ಸೆಂ.ಮೀ.ಗಿಂತ ಹೆಚ್ಚು ದೂರ ಸರಿಸುವುದು ಒಳ್ಳೆಯದು. ಎರಡು ಅಂತಸ್ತಿನ ಮಂಚದ ಮೇಲಂತಸ್ತು 6 ವರ್ಷದೊಳಗಿನವರಿಗಲ್ಲ.

ಕಂಬಿ ಹೋದ ದಿನ ಇಡೀ ಕೋಣೆಯೇ ಕಾಟ್ ಆಗುತ್ತದೆ ಎಂದು ಇಟ್ಟುಕೊಳ್ಳಿ. ಬೀರು, ಡ್ರಾಯರಿನ ಕಪಾಟು, ಪುಸ್ತಕದ ಶೆಲ್ಫು ಎಲ್ಲವನ್ನೂ ಗೋಡೆಗೆ ಬಿಗಿಯಬೇಕು. ಮಕ್ಕಳು ಡ್ರಾಯರನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ, ಕಪಾಟು ಮೈಮೇಲೆ ಬೀಳುತ್ತದೆ. ಕಿಟಕಿ 10 ಸೆಂ.ಮೀ.ಗಿಂತ ಹೆಚ್ಚು ತೆರೆಯಬಾರದು, ಪರದೆಯ ದಾರ ಕೈಗೆ ಸಿಗಬಾರದು, ಔಷಧಿ ಮತ್ತು ಬಟನ್ ಬ್ಯಾಟರಿ ಆ ಕೋಣೆಯಲ್ಲಿ ಇರಲೇಬಾರದು. ಪಾಟಿ ಕಲಿಯುವ ಮಗುವಿನ ವಿಷಯದಲ್ಲಿ ಹೆಚ್ಚಿನವರು ಮರೆಯುವುದು ಬಾತ್‌ರೂಮನ್ನು. "ಉಚ್ಚೆ ಬಂದರೆ ಬಾತ್‌ರೂಮಿಗೆ ಹೋಗು" ಎಂದು ಹಗಲೆಲ್ಲ ಹೇಳಿಕೊಟ್ಟಿರುತ್ತೇವೆ, ರಾತ್ರಿ ಅದು ಒಬ್ಬಂಟಿಯಾಗಿ ಅಲ್ಲಿಗೇ ಹೋಗುತ್ತದೆ. ಬಕೆಟಿನಲ್ಲಿ 5 ಸೆಂ.ಮೀ. ನೀರಿದ್ದರೂ ಚಿಕ್ಕ ಮಗು ಮುಳುಗಬಹುದು. ಬಕೆಟ್ ಖಾಲಿ ಮಾಡಿ ಕವುಚಿಡಿ, ಕಮೋಡಿನ ಮುಚ್ಚಳ ಹಾಕಿ, ಬಾತ್‌ರೂಮಿನ ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿ.

ಹಾಗಾಗಿ ರಾತ್ರಿಯ ಪಾಟಿ ಮಲಗುವ ಕೋಣೆಯಲ್ಲೇ ಇರಲಿ. ಈ ವಯಸ್ಸಿನಲ್ಲಿ ಅವಸರ ಗೊತ್ತಾದ ಮೇಲೆ ಸಿಗುವುದು ಒಂದೆರಡು ನಿಮಿಷ ಅಷ್ಟೇ. ಮಂಚದ ಕಾಲ್ದೆಸೆಯಲ್ಲಿ, ತೊಳೆಯಬಹುದಾದ ಚಾಪೆಯ ಮೇಲೆ, ಅಲುಗಾಡದ ಪಾಟಿ. ಕೂತಾಗ ಎರಡೂ ಪಾದ ನೆಲಕ್ಕೆ ತಾಗಬೇಕು, ಮಂಡಿ ಸೊಂಟಕ್ಕಿಂತ ತುಸು ಮೇಲಿರಬೇಕು. ಹಳದಿ ಅಥವಾ ಕೆಂಪು ಛಾಯೆಯ ಮಂಕು ದೀಪವೊಂದನ್ನು ನೆಲಮಟ್ಟದಲ್ಲಿ, ಮಗುವಿನ ಕಣ್ಣಿಗೆ ನೇರವಾಗಿ ಬೀಳದಂತೆ ಹಾಕಿ. ಎಲಾಸ್ಟಿಕ್ ಸೊಂಟದ ಪೈಜಾಮವೇ ಇರಲಿ. ಕುತ್ತಿಗೆಯಿಂದ ಪಾದದವರೆಗೆ ಜಿಪ್ ಇರುವ ಉಡುಪು ಈ ಹಂತದಲ್ಲಿ ಶತ್ರು. ಕೋಣೆಯ ಬಾಗಿಲಿಗೆ ಬೀಗ ಹಾಕಬೇಡಿ, ಬೇಕಾದರೆ ಬೇಬಿ ಗೇಟ್ ಹಾಕಿ. ಮೆಟ್ಟಿಲ ಮೇಲ್ತುದಿಯ ಗೇಟು ಮಾತ್ರ ಸ್ಕ್ರೂ ಹೊಡೆದು ಬಿಗಿದದ್ದೇ ಆಗಬೇಕು, ಒತ್ತಿ ನಿಲ್ಲಿಸುವ ಬಗೆಯದು ಮಗು ಒರಗಿದರೆ ಕಳಚಿಕೊಳ್ಳುತ್ತದೆ.

ಇನ್ನು ಎರಡು ಬದಲಾವಣೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗಕ್ಕೆ ಬರೋಣ. ಮಂಚಕ್ಕೆ ಬಂದ ಮಗುವಿಗೆ ಎದ್ದು ಓಡಾಡುವ ಸ್ವಾತಂತ್ರ್ಯ ಹೊಸದಾಗಿ ಸಿಕ್ಕಿದೆ. ಪಾಟಿ ಕಲಿತ ಮಗುವಿಗೆ "ಉಚ್ಚೆ ಬಂತು" ಎಂದರೆ ದೊಡ್ಡವರು ಎಲ್ಲ ಬಿಟ್ಟು ಓಡಿ ಬರುತ್ತಾರೆ ಎಂಬುದೂ ಗೊತ್ತಾಗಿದೆ. ಎರಡೂ ಸೇರಿದರೆ ಮಲಗಿಸಿದ ಐದೈದು ನಿಮಿಷಕ್ಕೆ "ಉಚ್ಚೆ". ಹೋಗಿ ಕೂತರೆ ಒಂದು ಹನಿಯೂ ಇಲ್ಲ, ಆದರೆ ನಡುಮನೆಯ ಟಿವಿ ಕಂಡಿತು, ಅಪ್ಪನ ಜೊತೆ ಒಂದು ಮಾತು ಆಯಿತು. ಇದನ್ನು ಸುಳ್ಳು ಎಂದು ಗದರಿಸುವುದು ಅನ್ಯಾಯ. ಈ ವಯಸ್ಸಿನ ಮಗುವಿಗೆ ತುಂಬಿದ ಮೂತ್ರಕೋಶಕ್ಕೂ ಅರೆ ತುಂಬಿದ್ದಕ್ಕೂ ವ್ಯತ್ಯಾಸ ಸರಿಯಾಗಿ ತಿಳಿಯದು, ಒಂಟಿತನ ತಡೆಯಲಾಗದೆಯೂ ಕರೆಯುತ್ತದೆ. "ಈಗ ತಾನೇ ಹೋಗಿ ಬಂದೆಯಲ್ಲ, ಸುಮ್ಮನೆ ಮಲಗು" ಎಂದು ನಿರಾಕರಿಸುವುದು ಇನ್ನೂ ಕೆಟ್ಟದ್ದು. ಒಮ್ಮೆ ನಿಜವಾಗಿಯೂ ಬಂದಿದ್ದು ಹಾಸಿಗೆಯಲ್ಲೇ ಆಗಿಬಿಟ್ಟರೆ, ಹೇಳಿದರೂ ಪ್ರಯೋಜನವಿಲ್ಲ ಎಂಬ ಪಾಠ ಕಲಿಯುತ್ತದೆ, ಹಗಲಿನ ಕಲಿಕೆಯೂ ಸಡಿಲವಾಗುತ್ತದೆ.

ಮಾಡಬೇಕಾದದ್ದು ಇಷ್ಟು. ಮಲಗುವ ತಯಾರಿ ಶುರುವಾಗುವಾಗ ಒಮ್ಮೆ, ದೀಪ ಆರಿಸುವ ಮುನ್ನ ಇನ್ನೊಮ್ಮೆ ಪಾಟಿಗೆ ಕೂರಿಸಿ. ನಡುವೆ ಇಪ್ಪತ್ತು ಇಪ್ಪತ್ತೈದು ನಿಮಿಷ ಇರಲಿ, ಮೊದಲ ಸಲ ಉಳಿದದ್ದು ಎರಡನೇ ಸಲ ಹೋಗುತ್ತದೆ. ಆಮೇಲೂ ಕರೆದರೆ ಪ್ರತಿ ಸಲವೂ ಹೋಗಿ, ಆದರೆ ಕೋಣೆಯ ಪಾಟಿಗೆ ಮಾತ್ರ. ದೊಡ್ಡ ದೀಪ ಹಾಕಬೇಡಿ, ಕಥೆ ಬೇಡ, ಮಾತು ಬೇಡ. ಎರಡು ನಿಮಿಷ ಕೂರಲಿ. ಬಂದರೆ "ಆಯ್ತು", ಬಾರದಿದ್ದರೂ "ಆಯ್ತು", ಅದೇ ದನಿಯಲ್ಲಿ, ಮತ್ತೆ ಹಾಸಿಗೆಗೆ. ಉಚ್ಚೆಗೆ ಯಾವತ್ತೂ ಬಾಗಿಲು ತೆರೆದಿದೆ, ಆದರೆ ಅದರಿಂದ ಬೇರೇನೂ ಸಿಗುವುದಿಲ್ಲ ಎಂದು ಗೊತ್ತಾಗಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಮನೆಯಲ್ಲಿ ಒಬ್ಬರು ಹೀಗೆ, ಇನ್ನೊಬ್ಬರು ಎತ್ತಿಕೊಂಡು ನಡುಮನೆಗೆ ತರುವವರು ಆದರೆ ಎಷ್ಟು ವಾರವಾದರೂ ಸಾಲದು.

ಹಾಸಿಗೆ ಹಾಸುವ ರೀತಿ: ಹಾಸಿಗೆಯ ಮೇಲೆ ನಾಲ್ಕೂ ಮೂಲೆ ಹಿಡಿಯುವ ವಾಟರ್‌ಪ್ರೂಫ್ ಕವರ್, ಅದರ ಮೇಲೆ ಬೆಡ್‌ಶೀಟ್, ಮತ್ತೆ ಇನ್ನೊಂದು ವಾಟರ್‌ಪ್ರೂಫ್ ಕವರ್, ಮತ್ತೊಂದು ಬೆಡ್‌ಶೀಟ್. ರಾತ್ರಿ ಎರಡು ಗಂಟೆಗೆ ಒದ್ದೆಯಾದರೆ ಮೇಲಿನ ಎರಡನ್ನು ಕಿತ್ತೆಸೆದರೆ ಮುಗಿಯಿತು, ಕೆಳಗೆ ಒಣ ಹಾಸಿಗೆ ಸಿದ್ಧ. ಒಟ್ಟು ಮೂರು ಜೊತೆ ಇದ್ದರೆ ನೆಮ್ಮದಿ. ಸಡಿಲವಾದ ಪ್ಲಾಸ್ಟಿಕ್ ಹಾಳೆ ಬೇಡ. ಬೆವರು, ಸದ್ದು ಒಂದು ಕಡೆ, ಮುಖಕ್ಕೆ ಸುತ್ತಿಕೊಂಡರೆ ಉಸಿರು ಕಟ್ಟುವ ಅಪಾಯ ಇನ್ನೊಂದು ಕಡೆ. ಕವರ್ ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಬಟ್ಟೆಯ ಹೀರುವ ಗುಣ ಹೋಗುತ್ತದೆ, ಡ್ರೈಯರಿನ ಹೆಚ್ಚು ಬಿಸಿಗೆ ಒಳಪದರ ಬಿಟ್ಟುಕೊಳ್ಳುತ್ತದೆ. ಹಾಸಿಗೆಗೇ ಇಳಿದಿದ್ದರೆ ಉಜ್ಜಬೇಡಿ, ಒಣಬಟ್ಟೆಯಿಂದ ಒತ್ತಿ ಹೀರಿಸಿ. ಬಿಳಿ ವಿನೆಗರ್ ಮತ್ತು ತಣ್ಣೀರು ಸಮಸಮ ಬೆರೆಸಿ ಸಿಂಪಡಿಸಿ, ಮತ್ತೆ ಒತ್ತಿ, ಅಡುಗೆ ಸೋಡಾ ಉದುರಿಸಿ ಪೂರ್ತಿ ಒಣಗಿದ ಮೇಲೆ ವ್ಯಾಕ್ಯೂಮ್ ಮಾಡಿ. ಬ್ಲೀಚ್ ಮಾತ್ರ ಹಾಕಲೇಬೇಡಿ. ಮೂತ್ರದ ಅಮೋನಿಯಾ ಜೊತೆಗೂ ವಿನೆಗರ್ ಜೊತೆಗೂ ಸೇರಿ ವಿಷಾನಿಲ ಹೊಮ್ಮುತ್ತದೆ.

ಸಂಜೆ ನೀರು ನಿಲ್ಲಿಸಿಬಿಡುವುದು ಇನ್ನೊಂದು ಕೆಟ್ಟ ಅಭ್ಯಾಸ. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ, ಒದ್ದೆ ಹೆಚ್ಚುತ್ತದೆ. ಬೆಳಿಗ್ಗೆ, ಮಧ್ಯಾಹ್ನ ಚೆನ್ನಾಗಿ ಕುಡಿಸಿ, ದೊಡ್ಡ ಲೋಟದ ಹಾಲನ್ನು ಮಲಗುವುದಕ್ಕೆ ಒಂದೂವರೆ ಗಂಟೆ ಮೊದಲೇ ಮುಗಿಸಿ. ಬಾಯಾರಿದರೆ ಎರಡು ಗುಟುಕು ಕೊಡಲು ಹಿಂಜರಿಯಬೇಡಿ. ನಡುರಾತ್ರಿ ಅರೆನಿದ್ದೆಯಲ್ಲಿ ಎತ್ತಿ ಪಾಟಿಗೆ ಕೂರಿಸುವುದರಿಂದ ಶೀಟು ಒಣಗಿರಬಹುದು, ಮಗು ಮಾತ್ರ ಏನೂ ಕಲಿಯುವುದಿಲ್ಲ. ಎಚ್ಚರಗೊಂಡದ್ದು ನೀವು, ಅದಲ್ಲ.

ರಾತ್ರಿ ಡೈಪರ್ ಬಿಡಿಸಲು ನಂಬಬಹುದಾದ ಸೂಚನೆ ಒಂದೇ: ಒಂದೆರಡು ವಾರ ಹೆಚ್ಚುಕಡಿಮೆ ಪ್ರತಿ ಬೆಳಿಗ್ಗೆಯೂ ಡೈಪರ್ ಒಣಗಿರುವುದು. ಇಲ್ಲೊಂದು ಸೂಕ್ಷ್ಮವಿದೆ. ಬೆಳಿಗ್ಗೆ ಒದ್ದೆ ಕಂಡರೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಈಗಷ್ಟೇ, ಎದ್ದ ಮೇಲೆ ಸೋಮಾರಿತನದಿಂದ ಡೈಪರಿನಲ್ಲೇ ಮಾಡಿದ್ದು ಇರಬಹುದು. ಮಗು ಏಳುವ ಅರ್ಧ ಗಂಟೆ ಮೊದಲೊಮ್ಮೆ ನೋಡಿದರೆ ಖಚಿತವಾಗುತ್ತದೆ. ಹಾಗಿದ್ದರೆ ಕಣ್ಣು ಬಿಟ್ಟ ಕೂಡಲೇ ಪಾಟಿಗೆ ಕೂರಿಸುವ ಅಭ್ಯಾಸ ಸಾಕು. ತಣ್ಣಗೆ, ಭಾರವಾಗಿ ಜೋತುಬಿದ್ದಿದ್ದರೆ ದೇಹ ಇನ್ನೂ ಸಿದ್ಧವಿಲ್ಲ. ಬಿಡಿಸಿದ ಮೇಲೆ ಒಂದು ವಾರ ನೋಡಿ, ಹೆಚ್ಚಿನ ರಾತ್ರಿ ಒದ್ದೆಯಾದರೆ ಯಾವ ಭಾಷಣವೂ ಇಲ್ಲದೆ ಮತ್ತೆ ಹಾಕಿ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಿ. ಹಗಲು ಚಡ್ಡಿ, ರಾತ್ರಿ ಡೈಪರ್ ಎಂದರೆ ಮಗುವಿಗೆ ಗೊಂದಲವಾಗುತ್ತದೆ ಅನ್ನುತ್ತಾರೆ. ಆಗುವುದಿಲ್ಲ. ಅದನ್ನು "ಮಲಗುವ ಚಡ್ಡಿ" ಎಂದು ಕರೆದರೆ ಸಾಕು.

ಆರು ತಿಂಗಳು ಪೂರ್ತಿ ಒಣಗಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ, ಉಚ್ಚೆ ಮಾಡುವಾಗ ನೋವು, ರಕ್ತ ಅಥವಾ ಜ್ವರ ಇದ್ದರೆ, ಹಗಲೂ ಸದಾ ತೊಟ್ಟಿಕ್ಕುತ್ತಿದ್ದರೆ, ಧಾರೆ ತೆಳುವಾಗಿದ್ದರೆ, ಮಲಬದ್ಧತೆ ಬಿಡದಿದ್ದರೆ ಡಾಕ್ಟರಿಗೆ ತೋರಿಸಿ. ವಿಪರೀತ ಬಾಯಾರಿಕೆಯ ಜೊತೆ ತೂಕ ಇಳಿಯುತ್ತಿದ್ದರೆ ಅದೇ ದಿನ ಹೋಗಿ, ಅದು ಮಧುಮೇಹದ ಲಕ್ಷಣವಾಗಿರಬಹುದು. ತುರ್ತಿಲ್ಲದ ತೊಂದರೆಯಾದರೆ ಹೋಗುವ ಮುನ್ನ ಎರಡು ದಿನ ಕುಡಿದದ್ದು ಎಷ್ಟು, ಉಚ್ಚೆ ಎಷ್ಟು ಸಲ, ಮಲ ಹೇಗಿತ್ತು, ರಾತ್ರಿ ಒದ್ದೆಯಾದದ್ದು ಎಷ್ಟು ಹೊತ್ತಿಗೆ ಎಂದು ಬರೆದುಕೊಂಡು ಹೋಗಿ. ಡಾಕ್ಟರು ಮೊದಲು ಕೇಳುವುದೇ ಇವನ್ನು.