ಒಂದೇ ಗುಕ್ಕಿಗೆ ಓದಿಸಿಕೊಂಡಿತು

ಹತ್ತೂವರೆಗೆ ಪುಸ್ತಕ ಬಿಡುಗಡೆ ಎಂದರೆ ಒಂಬತ್ತೂವರೆಗೆ ಉಪಾಹಾರ. ಬಸವನಗುಡಿ, ಚಾಮರಾಜಪೇಟೆ, ಜೆ.ಸಿ. ರಸ್ತೆ, ಎಲ್ಲಿ ಹೋದರೂ ಬೆಂಗಳೂರಿನ ಭಾನುವಾರ ಇಷ್ಟೇ. ಈಚೆಗೆ ಸೇರಿಕೊಂಡದ್ದು ಒಂದು: ಕೇಸರಿಭಾತಿಗೂ ಪ್ರಾರ್ಥನೆಗೂ ನಡುವಿನ ಬಿಡುವಿನಲ್ಲೇ ಪುಸ್ತಕದ ಬಗ್ಗೆ ಅಭಿಪ್ರಾಯ ಫೋನಿನಿಂದ ಹೊರಬಿದ್ದಿರುತ್ತದೆ. 'ಒಂದೇ ಗುಕ್ಕಿಗೆ ಓದಿಸಿಕೊಂಡಿತು.' ಪುಸ್ತಕ ಮಾತ್ರ ಇನ್ನೂ ಬಣ್ಣದ ಕಾಗದ ಸುತ್ತಿಕೊಂಡು ವೇದಿಕೆ ಮೇಲೆ ಕೂತಿದೆ.

ಸಾಮಗ್ರಿ ಹೆಚ್ಚೇನೂ ಬೇಡ. ಬೆನ್ನುಡಿಯಿಂದ ಎರಡು ವಾಕ್ಯ, ಮುನ್ನುಡಿಯ ಕೊನೆಯ ಪ್ಯಾರಾ (ಮೊದಲ ಪ್ಯಾರಾ ಬೇಡ, ಅಲ್ಲಿ ಮುನ್ನುಡಿಕಾರರು ತಮ್ಮ ಬಗ್ಗೆ ಬರೆದುಕೊಂಡಿರುತ್ತಾರೆ), ಮೇಲೊಂದು ಚಿಟಿಕೆ 'ಮಣ್ಣಿನ ವಾಸನೆ'. ತೀರಾ ಏನೂ ಸಿಗದಿದ್ದರೆ ಹಕ್ಕುಗಳ ಪುಟ ಇದ್ದೇ ಇದೆ. 'ಪ್ರತಿಗಳು: 1000, ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೋ, 1/8 ಡೆಮಿ.' ಇದರಿಂದ 'ಅಚ್ಚುಕಟ್ಟಾದ ಮುದ್ರಣ' ಎನ್ನುವ ಮೂರನೇ ವಾಕ್ಯ ಸಲೀಸಾಗಿ ಹುಟ್ಟುತ್ತದೆ.

ಕೆಡುವುದು ಒಳಪುಟಕ್ಕೆ ಕೈಹಾಕಿದಾಗ. 'ಮಲೆಗಳಲ್ಲಿ ಮದುಮಗಳು' ಬಂದದ್ದು 1967ರಲ್ಲಿ. ಅಂದಿನಿಂದ ಇಂದಿನವರೆಗೆ ಎಲ್ಲರ ಬಾಯಲ್ಲೂ 'ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ'. ಅದು ಕಥೆ ಶುರುವಾಗುವ ಮುಂಚೆಯೇ ಸಿಗುವ ಸಾಲು, ಅನುಕೂಲ. ಅಷ್ಟಕ್ಕೇ ನಿಲ್ಲಿಸಿದವರು ಬಚಾವು. 'ಹುಲಿಯ ಬರುವ ಕಡೆ ಎದೆ ಝಲ್ಲೆಂದಿತು' ಎಂದು ಒಂದು ಹೆಜ್ಜೆ ಮುಂದೆ ಹೋದರೆ ಸಿಕ್ಕಿಬಿದ್ದಂತೆ. ಹುಲಿಯ ಎನ್ನುವುದು ಹುಲಿಯಲ್ಲ, ಕಾದಂಬರಿಯ ಗುತ್ತಿ ಎಂಬಾತನ ನಾಯಿ.

ಸಿನಿಮಾ ನೋಡಿ ಕಾದಂಬರಿಗೆ ಅಂಕ ಕೊಡುವುದು ಇನ್ನೂ ಅಪಾಯ. 1972ರ 'ನಾಗರಹಾವು' ಚಿತ್ರಕ್ಕೆ ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಮೂರು ಕಾದಂಬರಿ ಬೆರೆಸಿದರು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಹಾಗಾಗಿ ಒಂದು ಪುಸ್ತಕವನ್ನೂ ತೆರೆಯದೆ ಮೂರಕ್ಕೆ ಒಟ್ಟಿಗೆ ಅಭಿಪ್ರಾಯ ಬರೆದ ಪುಣ್ಯವಂತರು ನಮ್ಮಲ್ಲಿದ್ದಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗಲೂ ಅದೇ. 'ಕಾದಂಬರಿ ಅದ್ಭುತ, ಕೊನೆ ಇನ್ನೂ ಬಿಗಿಯಾಗಬೇಕಿತ್ತು.' ಪುಸ್ತಕದಲ್ಲಿರುವುದು ಹನ್ನೆರಡು ಕಥೆ. ಹನ್ನೆರಡು ಕೊನೆಗಳಲ್ಲಿ ಯಾವುದನ್ನು ಬಿಗಿ ಮಾಡಬೇಕೆಂದು ದೀಪಾ ಭಾಸ್ತಿಯವರು ಕೇಳಲಿಲ್ಲ, ಅನುವಾದಕರು ಸಂಭಾವಿತರು.

ಕಗ್ಗದ ವಿಷಯಕ್ಕೆ ಬಂದರೆ, 945 ಪದ್ಯಗಳಲ್ಲಿ ಚಲಾವಣೆಯಲ್ಲಿರುವುದು 'ಹುಲ್ಲಾಗು ಬೆಟ್ಟದಡಿ'. ಉಳಿದ ಕೊರತೆಯನ್ನು ವಾಟ್ಸಾಪ್ ತುಂಬುತ್ತದೆ. ಯಾವ ನಾಲ್ಕು ಸಾಲಿನ ಬಾಲಕ್ಕೂ 'ಮಂಕುತಿಮ್ಮ' ಕಟ್ಟಿದರಾಯಿತು. ವ್ಯಕ್ತಿತ್ವ ವಿಕಸನದ ಪುಸ್ತಕಕ್ಕೆ ಅಷ್ಟು ಶ್ರಮವೂ ಇಲ್ಲ, ರಟ್ಟಿನ ಮೇಲಿನ ಹೆಸರೇ ಅಭಿಪ್ರಾಯ. ಪತ್ತೇದಾರಿಯವರದು ಉಲ್ಟಾ: ಓದಿಯೇ ಬರೆಯುತ್ತಾರೆ, ಮೊದಲ ಸಾಲಲ್ಲೇ ಕೊಲೆಗಾರನ ಹೆಸರು ಹೇಳಿಬಿಡುತ್ತಾರೆ.

ನಿಜವಾಗಿ ಅಭಿಪ್ರಾಯ ಬೇಕಿರುವುದು ಉಪ್ಪಿನಕಾಯಿ ಪುಸ್ತಕಕ್ಕೆ. ಅಲ್ಲೂ ಬರೆಯುವುದು 'ಓದಿಸಿಕೊಂಡು ಹೋಗುತ್ತದೆ' ಎಂದೇ! ನೋಡಬೇಕಾದದ್ದು ಒಂದೇ, ಉಪ್ಪಿನ ಅಳತೆ ಇದೆಯೇ ಎಂದು. ಸಾರಿಗೆ 'ರುಚಿಗೆ ತಕ್ಕಷ್ಟು' ಸರಿ. ಮಾವಿನ ಉಪ್ಪಿನಕಾಯಿಯಲ್ಲಿ ಉಪ್ಪು ರುಚಿಗಲ್ಲ, ಕೆಡದಿರಲಿ ಎಂದು. ಕಿಲೋ ಹೋಳಿಗೆ ಹತ್ತಿರ ಹತ್ತಿರ ಕಾಲು ಕಿಲೋ ಬೀಳಬೇಕು. ಇಲ್ಲದಿದ್ದರೆ ಜಾಡಿಯಲ್ಲಿ ಬೂಷ್ಟು. 'ಪುಟ 14, ಉಪ್ಪಿಗೆ ತೂಕ ಕೊಟ್ಟಿಲ್ಲ' ಎಂಬ ಐದು ಪದ ಒಂದು ಜಾಡಿ ಉಳಿಸುತ್ತದೆ. ಅದಕ್ಕೆ ಲೈಕು ಬೀಳುವುದಿಲ್ಲ, ಅದು ಬೇರೆ ಮಾತು.

ಅಭಿಪ್ರಾಯವೆಲ್ಲ ಬರೆದಾದ ಮೇಲೆ ಪುಸ್ತಕ ಅವೆನ್ಯೂ ರಸ್ತೆಯ ಫುಟ್‌ಪಾತಿಗೆ ಇಳಿಯುತ್ತದೆ. ಹಳೇ ಪುಸ್ತಕದ ವ್ಯಾಪಾರಿ ಬೆನ್ನುಡಿ ನೋಡುವವನಲ್ಲ. ಬೆನ್ನು ಒತ್ತುತ್ತಾನೆ, ಪುಟಗಳನ್ನು ಹೆಬ್ಬೆರಳಿನಲ್ಲಿ ಸರ್ರನೆ ಬಿಡುತ್ತಾನೆ. ಹದಿನಾರು ಪುಟದ ಮೂರನೇ ಫಾರಂ ಹತ್ತಿರ ಬೆರಳು ತಡೆಯುತ್ತದೆ. ಬೈಂಡಿಂಗಿನವನು ಅಂಚು ಕತ್ತರಿಸುವಾಗ ಬಿಟ್ಟುಹೋದ ಮಡಿಕೆ, ಎರಡು ಹಾಳೆ ತಲೆಯಲ್ಲಿ ಅಂಟಿಕೊಂಡೇ ಇವೆ. ಮೊದಲ ಪುಟದಲ್ಲಿ ಲೇಖಕರ 'ಪ್ರೀತಿಯಿಂದ', ಸಹಿ, ತಾರೀಖು. ಆ ಮಡಿಕೆಯನ್ನವನು ಹರಿಯುವುದಿಲ್ಲ. ಮುಂದಿನ ಗಿರಾಕಿಗೆ ತೋರಿಸಿ ಹೇಳುತ್ತಾನೆ: "ಹೊಸದೇ ಸಾರ್, ಯಾರೂ ಮುಟ್ಟಿಲ್ಲ."