ಸ್ಮೋಕರ್ ಕೊಳ್ಳುವವರೇ, ಮೊದಲು ಒಲೆ ಬಾಗಿಲು ತೆಗೆದು ನೋಡಿ

ನಿನ್ನೆ ಗೆಳೆಯರೊಬ್ಬರ ಜೊತೆ ಸ್ಮೋಕರ್, ಅಂದರೆ ಸೌದೆಯ ಬಿಸಿ, ಹೊಗೆಯಲ್ಲಿ ಮಾಂಸ ಬೇಯಿಸುವ ಕಬ್ಬಿಣದ ಡಬ್ಬ, ನೋಡೋಕೆ ಹೋಗಿದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅವರ ಹತ್ತಿರ ನಾಲ್ಕು ಸಾವಿರ ಡಾಲರ್ ಇದೆ. ಕೂಡಿಟ್ಟ ದುಡ್ಡು. ಟೆಕ್ಸಾಸ್‌ನ ಆಸ್ಟಿನ್‌ಗೆ ಬಂದು ಇಷ್ಟು ವರ್ಷ ಆಯಿತು, ಇನ್ನೂ ಗ್ಯಾಸ್ ಗ್ರಿಲ್‌ನಲ್ಲೇ ಕೋಳಿ ಸುಡೋದಾ, ಹಿತ್ತಲಲ್ಲಿ ಒಂದು ಒಳ್ಳೆ ಆಫ್‌ಸೆಟ್ ಸ್ಮೋಕರ್ ಇಡಬೇಕು ಅಂತ ಆಸೆ. ಅಂಗಡಿಯವನು ಮುಕ್ಕಾಲು ಗಂಟೆ ಮಾತಾಡಿದ. ಬಣ್ಣದ ಬಗ್ಗೆ ಹೇಳಿದ. ಮುಂದಿನ ಮರದ ಹಲಗೆ ಬಗ್ಗೆ ಹೇಳಿದ. ಮುಚ್ಚಳದ ಮೇಲೆ ಮನೆಯವರ ಹೆಸರು ಕೊರೆಸಿ ಕೊಡುತ್ತೇವೆ ಅಂದ. ಬೆಂಕಿ ಹಾಕುವ ಒಲೆಯ ಬಾಗಿಲನ್ನು ಮಾತ್ರ ಒಂದು ಸಲವೂ ತೆಗೆಯಲಿಲ್ಲ. ಕೊನೆಗೆ ನಾನೇ ಬಗ್ಗಿ ತೆಗೆದು ಮುಚ್ಚಿದೆ. ಮುಚ್ಚಿದ ಮೇಲೂ ಮೂಲೆಯಲ್ಲಿ ಬೆಳಕು ಕಾಣುತ್ತಿತ್ತು.

ನಾಲ್ಕು ಸಾವಿರ ಡಾಲರ್‌ನ ಒಲೆಯಲ್ಲಿ ಸಂದು!

"ಅಣ್ಣ, ಅಷ್ಟು ಸಣ್ಣ ಸಂದಿನಿಂದ ಏನಾಗತ್ತೆ?" ಅಂದರು ಗೆಳೆಯರು. ಏನಾಗತ್ತೆ ಅಂದರೆ ಎಲ್ಲವೂ ಆಗತ್ತೆ.

ಆಫ್‌ಸೆಟ್ ಸ್ಮೋಕರ್‌ನಲ್ಲಿ ಬೆಂಕಿ ಮಾಂಸದ ಕೆಳಗೆ ಇರಲ್ಲ. ಪಕ್ಕದ ಪೆಟ್ಟಿಗೆಯಲ್ಲಿ ಇರತ್ತೆ. ಎಲ್ಲರೂ ಅದನ್ನು ಫೈರ್‌ಬಾಕ್ಸ್ ಅನ್ನುತ್ತಾರೆ, ನನಗೆ ಅದು ಒಲೆ. ಅಲ್ಲಿಂದ ಬಿಸಿಯೂ ಹೊಗೆಯೂ ಉದ್ದದ ಕೊಳವೆಯೊಳಗೆ ನುಗ್ಗಿ, ಮಾಂಸದ ಮೇಲೆ ಹಾದು, ಆ ತುದಿಯ ಚಿಮಣಿಯಿಂದ ಹೊರಗೆ ಹೋಗಬೇಕು. ಈ ಎಳೆತವೇ ಅದರ ಜೀವ. ಗಾಳಿ ಸರಿಯಾಗಿ ಆಡಿದರೆ ಸೌದೆ ಉರಿಯತ್ತೆ, ತೆಳ್ಳಗೆ ನೀಲಿ ಹೊಗೆ ಬರತ್ತೆ. ಉಸಿರು ಕಟ್ಟಿದರೆ ಸೌದೆ ಹೊಗೆಯಾಡತ್ತೆ, ದಪ್ಪ ಬಿಳಿ ಹೊಗೆ ಬಂದು ಮಾಂಸಕ್ಕೆ ಕಹಿ ಹಿಡಿಯತ್ತೆ. ಎಷ್ಟು ಗಾಳಿ ಬಿಡಬೇಕು ಅನ್ನೋದು ನನ್ನ ಕೈಯಲ್ಲಿರಬೇಕು. ಸಂದಿನಿಂದ ಗಾಳಿ ನುಗ್ಗಿದರೆ ಬೆಂಕಿ ನನ್ನ ಮಾತು ಕೇಳಲ್ಲ.

ಪಿರಿಯಾಪಟ್ಟಣ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಗೆಸೊಪ್ಪು ಒಣಗಿಸುವ ನಮ್ಮ ಬ್ಯಾರನ್ ಮನೆ ನೆನಪಿದೆಯಲ್ವಾ? ಅಲ್ಲೂ ಸೌದೆ ಹಾಕುವ ಬಾಯಿ ಹೊರಗೆ, ಬಿಸಿ ಒಳಗೆ. ಅಲ್ಲಿ ಬಿಸಿ ತಗಡಿನ ಕೊಳವೆಗಳ ಒಳಗೇ ಹರಿಯತ್ತೆ, ಹೊಗೆ ಎಲೆಗೆ ತಾಗಬಾರದು. ಇಲ್ಲಿ ಹೊಗೆ ತಾಗಲೇಬೇಕು. ವ್ಯತ್ಯಾಸ ಅಷ್ಟೇ. ಉಳಿದಂತೆ ರಾತ್ರಿ ಎದ್ದು ಕೂರೋದು, ಥರ್ಮಾಮೀಟರ್ ನೋಡೋದು, ಒಂದು ತುಂಡು ಸೌದೆ ಹೆಚ್ಚಾಯಿತಾ ಕಮ್ಮಿಯಾಯಿತಾ ಅಂತ ಯೋಚಿಸೋದು, ಎಲ್ಲ ಒಂದೇ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಅಪ್ಪನಿಗೆ ಜ್ವರ. ಸೌದೆ ಹಾಕುವ ಪಾಳಿ ನನ್ನದು. ಕಡೇ ಹಂತ. 160 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಿಸಿ ನಿಲ್ಲಿಸಿ ಎಲೆಯ ದಂಟು ಒಣಗಿಸಬೇಕು. ನಾನು ನಿದ್ದೆ ಮಾಡಿಬಿಟ್ಟೆ. ಬಿಸಿ ಇಳಿಯಿತು, ದಂಟಿನ ನೀರು ಎಲೆಗೆ ವಾಪಸ್ ಹರಿದು ಕಲೆಯಾಯಿತು. ಹರಾಜಿನಲ್ಲಿ ಗ್ರೇಡ್ ಬಿತ್ತು. ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನಿಸತ್ತೆ. ಬೆಂಕಿ ವಿಷಯದಲ್ಲಿ ಯಾರಾದರೂ ಉಡಾಫೆಯಾಗಿ ಮಾತಾಡಿದರೆ ನನಗೆ ತಡೆಯೋಕಾಗಲ್ಲ. ಕಾರಣ ಇದೇ.

ಒಲೆ ಆದಮೇಲೆ ಕಬ್ಬಿಣ. ನಮ್ಮ ಟೆಕ್ಸಾಸ್ ಹಿತ್ತಲಿಗೆ ಕಾಲಿಂಚಿಗಿಂತ ತೆಳ್ಳಗಿನದು ಬೇಡವೇ ಬೇಡ. ಕಾಲಿಂಚು ಹಾಳೆ ಚದರ ಅಡಿಗೆ ಸುಮಾರು 10 ಪೌಂಡ್ ತೂಗತ್ತೆ. ಹಾಗಾಗಿ ಒಳ್ಳೆ ಸ್ಮೋಕರ್ ಅನ್ನು ಇಬ್ಬರು ಸೇರಿ ಎತ್ತೋಕಾಗಲ್ಲ. ಆ ತೂಕವೇ ಬಿಸಿಯನ್ನು ಹಿಡಿದಿಡೋದು. ಜನವರಿಯಲ್ಲಿ ಉತ್ತರದ ಗಾಳಿ ಬೀಸಿದಾಗ ತೆಳು ತಗಡಿನ ಡಬ್ಬ ಗಡಗಡ ನಡುಗತ್ತೆ, ಥರ್ಮಾಮೀಟರ್ ಮುಳ್ಳು ಏರಿ ಇಳಿದು ಆಡತ್ತೆ. ಹಳೇ ಪ್ರೊಪೇನ್ ಟ್ಯಾಂಕ್ ಕೊಯ್ದು ಸ್ಮೋಕರ್ ಮಾಡುವ ಪದ್ಧತಿ ಈ ನಾಡಲ್ಲಿ ಬಂದಿದ್ದೂ ಸುಮ್ನೆ ಅಲ್ಲ, ಅದರ ಗೋಡೆ ದಪ್ಪ.

ಇನ್ನು ಬಣ್ಣ. ಎಷ್ಟೇ ದುಬಾರಿ ಸ್ಮೋಕರ್ ಆದರೂ ಒಲೆಯ ಮೇಲಿನ ಬಣ್ಣ ಸುಟ್ಟು ಏಳತ್ತೆ. ಎಣ್ಣೆ ಸವರಿಕೊಂಡು ಇರಬೇಕು ಅಷ್ಟೇ. ಮುಚ್ಚಳಕ್ಕೆ ಕೂರಿಸಿರುವ ದೊಡ್ಡ ಥರ್ಮಾಮೀಟರ್ ಮೇಲ್ಗಡೆಯ ಬಿಸಿ ತೋರಿಸತ್ತೆ, ಮಾಂಸ ಕೂರುವ ಜಾಲರಿಯ ಮಟ್ಟದ್ದಲ್ಲ. ಈ ಎರಡನ್ನು ನಂಬಿ ದುಡ್ಡು ಕೊಡಬೇಕಾ?

ಹೊಗೆ ಒಂದೇ ದಿಕ್ಕಿಗೆ ಸಾಗುವ ನೇರ ಹರಿವೋ, ತಿರುಗಿ ಬರುವ ರಿವರ್ಸ್ ಫ್ಲೋನೋ ಅಂತ ತುಂಬ ಜನ ಕೇಳುತ್ತಾರೆ. ಜಾರ್ಜಿಯಾದ ಲ್ಯಾಂಗ್‌ನವರು ಮಾಡುವ ರಿವರ್ಸ್ ಫ್ಲೋದಲ್ಲಿ ಹೊಗೆ ಒಂದು ಹಾಳೆಯ ಕೆಳಗೆ ಆ ತುದಿಗೆ ಹೋಗಿ, ಮಾಂಸದ ಮೇಲೆ ವಾಪಸ್ ಬರತ್ತೆ. ಬಿಸಿ ಸಮನಾಗಿ ಹರಡತ್ತೆ, ನಿಜ. ನನಗೆ ನೇರ ಹರಿವೇ ಇಷ್ಟ. ಗಾಳಿ ಬೇಗ ಸಾಗತ್ತೆ, ಬೆಂಕಿ ನಿಚ್ಚಳವಾಗಿ ಉರಿಯತ್ತೆ. ಒಲೆಯ ಕಡೆಗೆ ಬಿಸಿ ಜಾಸ್ತಿ ಇದ್ದರೆ ಕೋಳಿ ಅಲ್ಲಿಡಿ, ಹಂದಿ ಭುಜ ಚಿಮಣಿ ಕಡೆ ಇಡಿ.

ಈಗ ಕೆಲವರು ಆಸ್ಟಿನ್‌ನ ಹೆಸರಾಂತ ಬಾರ್ಬೆಕ್ಯೂ ಅಡುಗೆಯವರು ಆರನ್ ಫ್ರಾಂಕ್ಲಿನ್ ಹೆಸರು ಹೇಳುತ್ತಾರೆ. ಅವರು ಶುರು ಮಾಡಿದ್ದೂ ನೂರು ಡಾಲರ್ ಆಸುಪಾಸಿನ ಅಗ್ಗದ ಸ್ಮೋಕರ್‌ನಲ್ಲೇ, ಕೈಗುಣ ಮುಖ್ಯ, ಡಬ್ಬ ಅಲ್ಲ ಅಂತ. ಅವರು ಅಲ್ಲೇ ನಿಂತರಾ? 2009ರಲ್ಲಿ ಟ್ರೇಲರ್‌ನಲ್ಲಿ ಅಂಗಡಿ ಇಟ್ಟರು. ಆಮೇಲೆ ತಾವೇ ವೆಲ್ಡಿಂಗ್ ಮಾಡಿ ದಪ್ಪ ಕಬ್ಬಿಣದ ದೊಡ್ಡ ದೊಡ್ಡ ಸ್ಮೋಕರ್ ಕಟ್ಟಿಕೊಂಡರು. ಕೈಗುಣ ಇದ್ದವರೇ ಒಲೆಯನ್ನು ಅಷ್ಟು ತಲೆಗೆ ಹಚ್ಚಿಕೊಂಡಿರುವಾಗ ನಾವು ಹಲಗೆ ನೋಡಿ ಕೊಳ್ಳೋದಾ? ಇನ್ನೊಬ್ಬರು ಪೆಲೆಟ್ ಗ್ರಿಲ್ ತಗೊಳ್ಳಿ, ಮರದ ಪುಡಿಯ ಗುಳಿಗೆ ತಾನೇ ಹಾಕಿಕೊಂಡು ಉರಿಯತ್ತೆ, ನಿದ್ದೆ ಮಾಡಬಹುದು ಅಂದರು. ನಿದ್ದೆ ಬೇಕಾದವರು ತಗೊಳ್ಳಲಿ. ನನಗೆ ಸೌದೆಯ ಮುಂದೆ ಕೂರಬೇಕು.

ಗೆಳೆಯರು ನಿನ್ನೆ ದುಡ್ಡು ಕಟ್ಟಲಿಲ್ಲ, ಸದ್ಯ. ಮುಂದಿನ ವಾರ ಲಾಕ್‌ಹಾರ್ಟ್‌ಗೆ ಹೋಗುತ್ತಿದ್ದೇವೆ. ಮಿಲ್ ಸ್ಕೇಲ್‌ನವರು ಅಲ್ಲೇ ಸ್ಮೋಕರ್ ಕಟ್ಟುತ್ತಾರೆ. ಜೇಬಿನಲ್ಲಿ ಒಂದು ಹಾಳೆ ಕಾಗದ ಇಟ್ಟುಕೊಳ್ಳಿ ಅಂತ ಗೆಳೆಯರಿಗೆ ಹೇಳಿದ್ದೇನೆ. ಬಾಗಿಲಿಗೆ ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಬೇಕು. ಸಲೀಸಾಗಿ ಬಂದುಬಿಟ್ಟರೆ ಆ ಬಾಗಿಲು ಬೇಡ.

ಈ ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ಹಿತ್ತಲಲ್ಲಿ ಒಲೆ ಹೊತ್ತಿಸುತ್ತೇನೆ. ಪೋಸ್ಟ್ ಓಕ್ ಸೌದೆ ಚೆನ್ನಾಗಿ ಒಣಗಿದೆ. ಎರಡು ಹಂದಿ ಭುಜ, 250 ಡಿಗ್ರಿ ಫ್ಯಾರನ್‌ಹೀಟ್, ಅರ್ಧ ಮುಕ್ಕಾಲು ಗಂಟೆಗೊಂದು ತುಂಡು ಸೌದೆ. ಕೊಳ್ಳುವ ಯೋಚನೆ ಇರುವವರು ಮಾಂಸ ಬೇಯುವ ಹೊತ್ತಿಗೆ ಬರಬೇಡಿ, ಬೆಂಕಿ ಹಚ್ಚುವ ಹೊತ್ತಿಗೇ ಬನ್ನಿ. ಕಾಫಿ ಮಾಡಿರುತ್ತೇನೆ.