ಮೊದಲ ಕೆಲಸಕ್ಕೆ ಚಿಕ್ಕ ಮಾರ್ಕೆಟಿಂಗ್ ಏಜೆನ್ಸಿ ಸೇರಬಹುದಾ?

ಬೆಂಗಳೂರಿನ ಒಂದೇ ಆಫೀಸಿನಲ್ಲಿ ಕೆಲಸ ಮಾಡಿದ ಇಬ್ಬರ ಮಾತು.

ಪರ: ಧೈರ್ಯವಾಗಿ ಸೇರಿ

ಬಿಕಾಂ ಮುಗಿಸಿ ಹಾಸನದಿಂದ ಬಂದವನು ನಾನು. ಆಫೀಸಿನಲ್ಲಿ ಇದ್ದದ್ದು ಹನ್ನೊಂದೇ ಜನ. ಎರಡನೇ ವಾರಕ್ಕೇ ಒಂದು ಸೋಫಾ ಅಂಗಡಿಯ ಗೂಗಲ್ ಜಾಹೀರಾತು ನನ್ನ ಕೈಗೆ ಬಂತು.

ದಿನಕ್ಕೆ 500 ರೂಪಾಯಿ ಎಂದು ಹಾಕಿದ್ದೆ. ಒಂದು ಬೆಳಗ್ಗೆ ನೋಡಿದರೆ ಹಿಂದಿನ ದಿನ 900 ದಾಟಿದೆ! ಎದೆ ಧಸಕ್ಕೆಂದಿತು. ಮಾಲೀಕರು ಕುರ್ಚಿ ಎಳೆದುಕೊಂಡು ಬಂದು ಪಕ್ಕ ಕೂತರು. ಗೂಗಲ್ ಯಾವುದೋ ಒಂದು ದಿನ ನಾವು ಹಾಕಿದ್ದರ ಎರಡರಷ್ಟು ತನಕ ಖರ್ಚು ಮಾಡಬಹುದು, ಆದರೆ ಇಡೀ ತಿಂಗಳಿಗೆ ಆ ದಿನದ ಮೊತ್ತದ 30.4 ಪಟ್ಟು ಮೀರುವಂತಿಲ್ಲ ಎಂದು ವಿವರಿಸಿದರು. ಆಮೇಲೆ, ಜನ ಏನು ಹುಡುಕಿ ನಮ್ಮ ಜಾಹೀರಾತಿಗೆ ಬಂದಿದ್ದಾರೆ ಎಂಬ ಪಟ್ಟಿ ತೆರೆದರು. ಅದರಲ್ಲಿ ಬಹಳ ಜನ ಸೋಫಾ ರಿಪೇರಿಯವರು, ಹಳೇ ಸೋಫಾ ಮಾರುವವರು. ಆ ಪದಗಳನ್ನೆಲ್ಲ, ಅವನ್ನು ಹುಡುಕಿದವರಿಗೆ ನಮ್ಮ ಜಾಹೀರಾತು ಕಾಣದಂತೆ, ನೆಗೆಟಿವ್ ಕೀವರ್ಡ್‌ಗೆ ಸೇರಿಸಿದೆವು. ಮುಂದಿನ ವಾರದಿಂದ ಅಂಗಡಿಗೆ ಸೋಫಾ ರೇಟು ಕೇಳುವ ಫೋನುಗಳೇ ಜಾಸ್ತಿ ಆದವು.

ಅದೇ ವರ್ಷ ದೊಡ್ಡ ಕಂಪನಿ ಸೇರಿದ ನನ್ನ ಗೆಳೆಯ ವರ್ಷವಿಡೀ ಎಕ್ಸೆಲ್‌ನಲ್ಲಿ ವರದಿ ತುಂಬಿದ. ಒಬ್ಬ ಕ್ಲೈಂಟ್ ಮುಖವನ್ನೂ ನೋಡಲಿಲ್ಲ.

ಇನ್ನೊಂದು ಖುಷಿ ಕನ್ನಡದ್ದು. ಇಂಗ್ಲಿಷಿನಲ್ಲಿ ಬರೆದು ಕೊನೆಗೆ ಸುಮ್ನೆ ಕನ್ನಡಕ್ಕೆ ತಿರುಗಿಸಿದ ಜಾಹೀರಾತುಗಳನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ಅಂಗಡಿಯೊಂದಕ್ಕೆ ನಾನು ಬರೆದ ಸಾಲನ್ನು ಅಂಗಡಿಯಮ್ಮನಿಗೆ ಫೋನಿನಲ್ಲೇ ಓದಿದೆ. "ಖರೀದಿಸಿ ಅಂತ ಬೇಡಪ್ಪ, ಬನ್ನಿ ನೋಡಿ ಅಂತ ಹಾಕು" ಅಂದರು. ಹಾಗೇ ಹಾಕಿದೆವು. ಸಂಜೆಗೆ ಜಾಹೀರಾತು ಹೊರಗೆ ಬಂದಿತ್ತು.

ಸಂಬಳ ಕಡಿಮೆಯೇ. ಆದರೆ ನನ್ನ ಎರಡನೇ ಕೆಲಸ ಸಿಕ್ಕಿದ್ದು ಆ ಸೋಫಾ ಅಂಗಡಿಯ ಕಥೆ ಹೇಳಿ.

ವಿರೋಧ: ಮೊದಲ ಕೆಲಸಕ್ಕೆ ಬೇಡ

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅವನ ಪಕ್ಕ ಕೂತು ಹೇಳಿಕೊಡಲು ಮಾಲೀಕರಿದ್ದರು. ನಾನು ಆ ಆಫೀಸಿನ ಒಬ್ಬಳೇ ಡಿಸೈನರ್. ನನ್ನ ಕೆಲಸ ನೋಡಿ ಇದು ಯಾಕೆ ಸರಿಯಿಲ್ಲ ಎಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಯುಗಾದಿಯ ಹಿಂದಿನ ರಾತ್ರಿ ಹದಿನಾಲ್ಕು ಕ್ಲೈಂಟ್‌ಗಳಿಗೆ ಶುಭಾಶಯದ ಪೋಸ್ಟ್ ಮಾಡಿದ್ದೇನೆ. ಎಲ್ಲದರಲ್ಲೂ ಅದೇ ಬೇವು ಬೆಲ್ಲ, ಬಣ್ಣ ಮಾತ್ರ ಬೇರೆ. ಹನ್ನೊಂದೂವರೆಗೆ ವಾಟ್ಸಾಪ್ ಬರುತ್ತದೆ: "ಲೋಗೋ ಸ್ವಲ್ಪ ದೊಡ್ಡದು ಮಾಡಿ." ಎರಡು ವರ್ಷದ ನಂತರ ಪೋರ್ಟ್‌ಫೋಲಿಯೋ ಜೋಡಿಸಲು ಕೂತರೆ, ಬೇರೆಯವರಿಗೆ ತೋರಿಸುವಂಥ ಕೆಲಸ ಆರೂ ಸಿಗಲಿಲ್ಲ. ಅವತ್ತು ಅತ್ತಿದ್ದೇನೆ.

ಇನ್ನು ದುಡ್ಡಿನ ವಿಷಯ. ಒಬ್ಬ ದೊಡ್ಡ ಕ್ಲೈಂಟ್ ಮೂರು ತಿಂಗಳು ಬಿಲ್ ಕೊಡಲಿಲ್ಲ. ನಮ್ಮ ಸಂಬಳ 22ನೇ ತಾರೀಖಿಗೆ ಬಂತು. ಪಿಜಿ ಬಾಡಿಗೆ ಕಟ್ಟಬೇಕಾದದ್ದು 5ಕ್ಕೆ. 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ ಇಂಥ ಚಿಕ್ಕ ಸಂಸ್ಥೆಗಳ ಬಿಲ್ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿಯನ್ನೂ ಸೇರಿಸಬೇಕು. ಆದರೆ ಆಫೀಸಿನ ಆದಾಯದಲ್ಲಿ ದೊಡ್ಡ ಪಾಲು ಅವರದ್ದೇ. ದೂರು ಕೊಟ್ಟು ಅವರನ್ನು ಕಳೆದುಕೊಳ್ಳಲು ಮಾಲೀಕರಿಗೆ ಧೈರ್ಯ ಬರಲಿಲ್ಲ. ಆ ತಿಂಗಳು ಮಾಲೀಕರೂ ದುಡ್ಡು ತೆಗೆದುಕೊಳ್ಳಲಿಲ್ಲ. ಹಾಗಾಗಿ ಅವರನ್ನು ಬೈಯಲೂ ಮನಸ್ಸು ಬಾರದು.

ಬೈಯಬೇಕಾದ್ದು ಬೇರೆ ಇದೆ. ಪಿಎಫ್ ಕಡ್ಡಾಯವಾಗುವುದು 20 ಜನ ಇದ್ದಾಗ, ಹಾಗಾಗಿ ಅದು ನಮಗಿರಲಿಲ್ಲ. ನೌಕರರ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇಎಸ್ಐ ವಿಮೆಗೆ 10 ಜನ ಸಾಕು, ತಿಂಗಳ ಸಂಬಳ 21,000 ದಾಟಿರಬಾರದು. ನನ್ನದು 18,000. ಆದರೆ ಮೂವರನ್ನು ಫ್ರೀಲಾನ್ಸರ್ ಎಂದು ಬರೆದಿದ್ದರಿಂದ ಕಾಗದದಲ್ಲಿ ನಾವು ಎಂಟೇ ಜನ. ಇದು ನನಗೆ ಗೊತ್ತಾಗಿದ್ದು ಡೆಂಗಿ ಬಂದು ಆಸ್ಪತ್ರೆ ಸೇರಿದಾಗ. ಬಿಲ್ ಕಟ್ಟಿದ್ದು ಅಪ್ಪ.

ನನಗೆ ಅಪ್ಪ ಇದ್ದರು. ನಮ್ಮ ಜೊತೆ ರಾಯಚೂರಿನ ಒಬ್ಬಳು ಹುಡುಗಿ ಇದ್ದಳು. ನಮ್ಮೆಲ್ಲರಿಗಿಂತ ಚೆನ್ನಾಗಿ ಕನ್ನಡ ಬರೆಯುತ್ತಿದ್ದಳು. ಪ್ರತಿ ತಿಂಗಳು ಮನೆಗೆ ದುಡ್ಡು ಕಳಿಸಬೇಕಿತ್ತು. ಸಂಬಳ ತಡವಾದ ಆ ತಿಂಗಳೇ ಬಿಟ್ಟು ಕಾಲ್ ಸೆಂಟರ್ ಸೇರಿದಳು. ಈಗಲೂ ಅಲ್ಲೇ ಇದ್ದಾಳೆ. ಬರೆಯುವುದು ಬಿಟ್ಟಿದ್ದಾಳೆ.